ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ

ಒಬ್ಬಳು ತಾಯಿ, ಅವಳಿಗೆ ಒಬ್ಬನೇ ಮಗ. ತಾಯಿ ಹೆಸರು ಹೊಂಬಾಳಮ್ಮ, ಮಗನ ಹೆಸರು ಸಣ್ಣಪ್ಪ. ಹೆಸರಷ್ಟೇ ಸಣ್ಣಪ್ಪ, ಆಳು ಬಾಗಿಲಲ್ಲಿ ನಿಂತರೆ ಮನೆಯೊಳಗೆ ಕತ್ತಲೆ. ವಯಸ್ಸು ಮೂವತ್ತಾಗಿತ್ತು. ಬುದ್ಧಿ ಮಾತ್ರ ಮೂರಕ್ಕೆ ಬಂದು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿತ್ತು. ಕೆಟ್ಟವನಲ್ಲ, ಕಳ್ಳನಲ್ಲ, ಎದುರು ಮಾತಾಡೋನಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಬಂದಿದ್ದು ಕಷ್ಟ! "ಹಾಲು ಉಕ್ಕುತ್ತೆ, ನೋಡ್ತಾ ಇರ‍್ಲಾ" ಅಂದರೆ ಉಕ್ಕಿ ಒಲೆ ಆರೋವರೆಗೂ ನೋಡ್ತಾ ಇರೋನು.

"ಅಯ್ಯೋ ದೇವರೇ, ಊರೋರೆಲ್ಲ ಮಕ್ಕಳು ಮಾತು ಕೇಳಲ್ಲ ಅಂತ ಅಳ್ತಾರೆ. ನನ್ನ ಮಗ ಕೇಳ್ತಾನಲ್ಲಪ್ಪಾ ಅಂತ ನಾನು ಅಳ್ತೀನಿ!" ಅಂತ ಹೊಂಬಾಳಮ್ಮ ಹಣೆ ಚಚ್ಚಿಕೊಳ್ಳೋಳು.

ನಮ್ಮ ಗಾಣದ ಬೀದಿಯೋರಿಗೆ ಅವನು ಕಂಡರೆ ನಗು. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿ. ನಗೋದೇ ಆದರೆ ಯಾರನ್ನ ನೋಡಿ ನಗಬೇಕು ಅಂತ ಪೂರ್ತಿ ಕೇಳಿ ಆಮೇಲೆ ಹಲ್ಲು ಬಿಡಿ.

ಈ ಹೊಂಬಾಳಮ್ಮ ಸಾಮಾನ್ಯದೋಳಲ್ಲ. ಸೋಬಾನೆ ಹಾಡೋಳು. ಅವಳು ಒಂದು ಸೊಲ್ಲು ಎತ್ತಿಕೊಟ್ಟರೆ ಕೂತ ಹೆಂಗಸರೆಲ್ಲ "ಸೋಬಾನವೇ…" ಅಂತ ದನಿಗೂಡಿಸೋರು. ನಮ್ಮ ಬೀದೀಲಿ ಅವಳ ಹಾಡಿಲ್ಲದೆ ಒಂದು ಹೆಣ್ಣಿಗೂ ಅರಿಶಿನ ಹತ್ತಿದ್ದಿಲ್ಲ. ಮೂರು ವರ್ಷದ ಹಿಂದೆ ಗಂಟಲಲ್ಲಿ ಗಂಟು ಬಂತು, ಆಪರೇಷನ್ ಆಯ್ತು. ಹಾಡೋ ದನಿ ಹೋಯ್ತು, ಬಯ್ಯೋ ದನಿ ಉಳೀತು.

ಅವಳ ಎದುರು ಮನೆಯೋಳು ಕೆಂಪಮ್ಮ. ಹೊಂಬಾಳಮ್ಮನ ಗಂಡನ ತಂಗಿ. ಅತ್ತಿಗೆ ಬಾಯಲ್ಲಿ ಮೊದಲಿಂದಲೂ ಕೆಂಪಿ. ಈ ಕೆಂಪಿ ಮಗಳು ತನುಜಾಗೆ ಮದುವೆ ನಿಕ್ಕಿಯಾಯ್ತು. ಶುಕ್ರವಾರ ಬೆಳಗ್ಗೆ ಅರಿಶಿನ. ಸೋಮವಾರ ಕೊಳಾಯಿ ಹತ್ತಿರ, ಹನ್ನೆರಡು ಜನ ಹೆಂಗಸರು ಬಿಂದಿಗೆ ಹಿಡಿದು ನಿಂತಿರೋವಾಗ, ಕೆಂಪಿ ಏನಂದಳು ಗೊತ್ತಾ?

"ಅತ್ಗೆ, ನೀವು ಬಂದು ಒಂದು ಮೂಲೇಲಿ ಕೂತು ಉಂಡ್ಕಂಡು ಹೋಗಿ. ಹಾಡಕ್ಕೆ ತನುಜ ಫೋನಲ್ಲೇ ಹಾಕ್ಕತ್ತಾಳೆ. ಒಡೆದ ಮಡಕೇಲಿ ನೀರು ತರಕ್ಕಾಯ್ತದಾ?"

ಒಡೆದ ಮಡಕೆ! ಅತ್ತಿಗೆಗೆ ಅನ್ನೋ ಮಾತಾ ಇದು? ಕೆಂಪಿಗೆ ಜಡೆ ಹೆಣೆದೋಳು ಹೊಂಬಾಳಮ್ಮ. ಕೆಂಪಿ ಮದುವೇಲಿ ಮೂರು ದಿನ ಗಂಟಲು ಕಟ್ಟೋವರೆಗೂ ಹಾಡಿದೋಳು ಹೊಂಬಾಳಮ್ಮ. ನಾವು ಹನ್ನೆರಡು ಜನ ಬಾಯಿಗೆ ಸೆರಗು ಮುಚ್ಚಿಕೊಂಡು ನಿಂತಿದ್ದೆವು. ನಾನೂ ನಿಂತಿದ್ದೆ, ಸುಳ್ಳು ಯಾಕೆ ಹೇಳಲಿ.

ಹೊಂಬಾಳಮ್ಮ ಬಿಂದಿಗೆ ಅಲ್ಲೇ ಬಿಟ್ಟು ಮನೆಗೆ ಬಂದಳು. ನಡುಮನೇಲಿ ಸತ್ತ ಗಂಡ ಮಾಡಿಟ್ಟಿದ್ದ ಸೆಟ್ಟಿತ್ತು. ಒಂದು ಟೇಪ್ ರೆಕಾರ್ಡರು, ಒಂದು ಆಂಪ್ಲಿಫೈರು, ಆಳೆದೆ ಎತ್ತರದ ಎರಡು ಸ್ಪೀಕರ್ ಪೆಟ್ಟಿಗೆ. ಆ ಪುಣ್ಯಾತ್ಮ ಹೆಂಡತಿ ಗಂಟಲು ಚೆನ್ನಾಗಿದ್ದಾಗ ಅವಳ ಸೋಬಾನೇನ ಒಂದು ಕ್ಯಾಸೆಟ್ಟಲ್ಲಿ ಹಿಡಿದಿಟ್ಟಿದ್ದ. ಇರೋದು ಅದೊಂದೇ.

"ನನ್ನ ಬಾಯಿ ಹೋದರೇನು, ಪೆಟ್ಟಿಗೆ ಬಾಯಿ ಅದೆಯಲ್ಲ!" ಅಂದಳು. "ತನುಜಾಗೆ ಅರಿಶಿನ ಹಚ್ಚೋ ಹೊತ್ತಿಗೆ ಕಿಟಕಿ ತೆಗೆದು ನನ್ನ ಹಾಡು ಹಾಕ್ತೀನಿ. ಬೀದಿಗೆ ಬೀದೀನೇ ಕೇಳಬೇಕು. ಒಡೆದಿರೋದು ಮಡಕೇನೋ ಕೆಂಪಿ ಬುದ್ಧೀನೋ ತಿಳೀಲಿ!"

ಎಲ್ಲ ಸರಿ, ಆಂಪ್ಲಿಯಿಂದ ಪೆಟ್ಟಿಗೆಗೆ ಹೋಗೋ ತಂತಿ ಇಲ್ಲ. ಇಲಿ ತಿಂದಿತ್ತು. ಇವಳಿಗೆ ಮಂಡಿ ನೋವು, ಅಂಗಡಿಗೆ ನಡೆಯೋಕಾಗಲ್ಲ. ಇನ್ಯಾರು ಹೋಗಬೇಕು?

"ಲೋ ಸಣ್ಣ, ಬಸ್‌ಸ್ಟ್ಯಾಂಡ್ ತಾವ ಗಾಜಿನ ಬಾಗಿಲಂಗಡಿ ಅದೆಯಲ್ಲ, ಅಲ್ಲಿ ಸ್ಪೀಕರ್ ತಂತಿ ತಗಬಾ. ಕೊಟ್ಟಿದ್ದನ್ನ ಸುಮ್ನೆ ಕಟ್ಟಿಸ್ಕಂಡು ಬರಬೇಡ. ನಾಕು ಸಲ ಕೇಳಿ ತಗೋ!"

"ಆಗ್ಲಿ ಕಣವ್ವ. ನಾಕು ಸಲ ಕೇಳ್ತೀನಿ."

ಹೋದ. ಅಂಗಡಿಯೋನು ಪ್ರಸನ್ನ. ಐದಾರು ತರಾ ತಂತಿ ತೆಗೆದು ಮೇಜಿನ ಮೇಲೆ ಹರಡಿದ. ಸಣ್ಣಪ್ಪ ಏನು ಮಾಡಿದ? ಹೇಳಿದ ಹಾಗೇ ಮಾಡಿದ. ಒಂದು ತಂತಿ ಎತ್ತಿ ಕಿವಿಗೆ ಇಟ್ಟುಕೊಂಡ. ಕೆಳಗಿಟ್ಟ. ಮತ್ತೆ ಇಟ್ಟುಕೊಂಡ.

"ಏನ್ ಗೌಡ್ರೇ, ಏನ್ ಮಾಡ್ತಿದೀರಾ?"

"ಶ್ಶ್! ಗಲಾಟೆ ಮಾಡಬೇಡಿ. ಕೇಳ್ತಾ ಇವ್ನಿ."

ಒಂದೊಂದನ್ನೂ ನಾಲ್ಕು ನಾಲ್ಕು ಸಲ ಕೇಳಿದ. ಬಲಗಿವೀಲಿ ಎರಡು, ಎಡಗಿವೀಲಿ ಎರಡು. ಆಮೇಲೆ ಪಾಪ ಅನ್ನೋ ಹಾಗೆ ತಲೆ ಅಲ್ಲಾಡಿಸಿ ಬರಿಗೈಲಿ ಮನೆಗೆ ಬಂದ.

"ಅವ್ವ, ಆ ಅಂಗಡಿ ತಂತಿಗಳಿಗೆಲ್ಲ ಬಾಯಿ ಬಿದ್ದೋಗದೆ ಕಣವ್ವ! ಒಂದೂ ಮಾತಾಡಕ್ಕಿಲ್ಲ!"

"ಅಯ್ಯೋ ಮಂಕುದಿಣ್ಣೆ! ಕಿವೀಲಿ ಕೇಳೋದಲ್ಲ ಕಣ್ಲಾ! ಬಾಯಿ ಬಿಟ್ಟು ಕೇಳು, ಬಾಯಿ ಬಿಟ್ಟು! ಒಳ್ಳೆ ತಂತಿ ಯಾವುದು ಅಂತ ಅಂಗಡಿಯೋನ್ನೇ ಕೇಳು. ಮತ್ತೆ, ಜೊತೇಲಿ ಏನಾರ ಫ್ರೀ ಕೊಡ್ತೀನಿ ಅಂದ್ರೆ ಬಿಟ್ಟು ಬರಬೇಡ, ಇಸ್ಕಂಡೇ ಬಾ!"

"ಆಗ್ಲಿ ಕಣವ್ವ. ಬಾಯಿ ಬಿಟ್ಟು ಕೇಳ್ತೀನಿ. ಇಸ್ಕಂಡೇ ಬತ್ತೀನಿ."

ಮಂಗಳವಾರ ಮನೆ ಹೊಸಲಲ್ಲೇ ಬಾಯಿ ಬಿಟ್ಟ. ಬಿಟ್ಟ ಬಾಯಲ್ಲೇ ಬೀದಿ ದಾಟಿದ, ಬಸ್‌ಸ್ಟ್ಯಾಂಡು ದಾಟಿದ. ಒಂದು ನೊಣ ಒಳಗೆ ಹೋಗಿ ನೋಡ್ಕೊಂಡು ಹೊರಗೆ ಬಂತು. ಅಂಗಡೀಲಿ ನಿಂತು ಕೇಳಿದ:

"ಆಳ್ಳೆ ಆಂತಿ ಆವುದು?"

ಈ ಪ್ರಸನ್ನ ಇದ್ದಾನಲ್ಲ, ಅವನು ಪೆದ್ದನಲ್ಲ. ಪೆದ್ದರ ಮೇಲೆ ಹೊಟ್ಟೆ ಹೊರೆಯೋನು. ಬಿಟ್ಟ ಬಾಯಿ ನೋಡಿದ್ದೇ ಅವನ ಮುಖ ಅರಳಿತು. ಒಳಗಿಂದ ಒಂದು ತಂತಿ ತಂದ. ಕೇರೆಹಾವಿನ ಹಾಗೆ ಮೈಮೇಲೆ ಹೆಣಿಗೆ, ಮೂತಿಗೆ ಚಿನ್ನದ ನೀರು. ಒಂದು ಮೊಳಕ್ಕೆ ಅವನು ಹೇಳಿದ ಬೆಲೆಗೆ ಕೊಬ್ಬಿದ ಆಡು ಬರ‍್ತದೆ, ಮರೀನೂ ಬರ‍್ತದೆ.

"ಇದು ನೋಡಿ ಗೌಡ್ರೇ ಮಾಲು! ಇದನ್ನ ಹಾಕಿದ್ರೆ ಹಾಡೋರು ಉಸಿರು ಎಳ್ಕೊಳ್ಳೋದೂ ಕೇಳುತ್ತೆ. ಆಕ್ಸಿಜನ್ ಫ್ರೀ ತಾಮ್ರ!"

ಸಣ್ಣಪ್ಪನ ಕಿವಿ ನೆಟ್ಟಗಾಯ್ತು. "ಫ್ರೀನಾ?"

"ಹೂಂ, ಆಕ್ಸಿಜನ್ ಫ್ರೀ."

"ಹಂಗಾರೆ ಕೊಡಿ."

"ಏನು ಕೊಡ್ಲಿ?"

"ಆಕ್ಸಿಜನ್ನು."

"ಅಯ್ಯೋ ಹಂಗಲ್ಲ! ಫ್ರೀ ಅಂದ್ರೆ ಅದರಲ್ಲಿ ಆಕ್ಸಿಜನ್ ಇಲ್ಲ ಅಂತ!"

"ಈಗ ತಾನೆ ಫ್ರೀ ಅಂದ್ರಿ, ಈಗ ಇಲ್ಲ ಅಂತೀರಾ? ನಮ್ಮವ್ವ ಇಸ್ಕಂಡೇ ಬಾ ಅಂದವ್ಳೆ. ಇಸ್ಕಂಡೇ ಹೋಗೋದು!"

ಅಂದವನೇ ಗಾಜಿನ ಬಾಗಿಲಿಗೆ ಅಡ್ಡ ಕೂತ. ಒಳಗಿದ್ದೋರು ಹೊರಗೆ ಬರೋ ಹಾಗಿಲ್ಲ, ಹೊರಗಿದ್ದೋರು ಒಳಗೆ ಹೋಗೋ ಹಾಗಿಲ್ಲ. ಮಧ್ಯಾಹ್ನ ಆಯ್ತು, ಸಂಜೆ ಆಯ್ತು. ಹೋಗೋ ಬರೋ ಜನ ಬೇರೆ ಅವನ ಪರ. "ಫ್ರೀ ಅಂತ ಹೇಳಿದ್ಮೇಲೆ ಕೊಡಪ್ಪ, ಅದೇನು ನಿನ್ನ ಅಪ್ಪನ ಮನೆ ಗಂಟಾ!"

ತಪ್ಪಾ ಅವರದ್ದು? ನೀವೇ ಹೇಳಿ. ಫ್ರೀ ಅಂದರೆ ಬಿಟ್ಟಿ ಅಂತ ಊರಿಗೆಲ್ಲ ಕಲಿಸಿದೋರು ಯಾರು? ಸೋಪಿಗೆ ಚಮಚ ಫ್ರೀ, ಟೀಪುಡಿಗೆ ಲೋಟ ಫ್ರೀ ಅಂತ ಬೋರ್ಡು ಬರೆದೋರು ಇವರೇ ತಾನೆ? ಇವತ್ತು ಫ್ರೀ ಅಂದರೆ ಇಲ್ಲ ಅಂತ ಹೊಸ ಅರ್ಥ ಹುಟ್ಟಿಸಿದರೆ ಯಾರಪ್ಪ ಒಪ್ತಾರೆ!

ಕೊನೆಗೆ ಪ್ರಸನ್ನ ಒಂದು ಪ್ಲಾಸ್ಟಿಕ್ ಕವರಿಗೆ ಬುಸ್ ಬುಸ್ ಅಂತ ಊದಿ, ಬಾಯಿ ಗಂಟು ಹಾಕಿ ಕೈಗೆ ಕೊಟ್ಟ. "ತಗೊಳಪ್ಪ ನಿನ್ನ ಆಕ್ಸಿಜನ್ನು, ಹೊರಡು!"

ಸಣ್ಣಪ್ಪ ಹಸುಗೂಸು ಹಿಡಿದಂಗೆ ಎರಡೂ ಕೈಲಿ ಹಿಡಿದುಕೊಂಡು ಮನೆಗೆ ಬಂದ.

"ತಂತಿ ಎಲ್ಲೋ?"

"ಅಂಗಡೀಲೇ ಅದೆ ಕಣವ್ವ. ಎರಡು ಕೈಲೂ ಆಕ್ಸಿಜನ್ ಇತ್ತಲ್ಲ!"

ಹೊಂಬಾಳಮ್ಮ ತಲೆಪಿನ್ನು ತೆಗೆದು ಚುಚ್ಚಿದಳು. ಠುಸ್! ಪ್ರಸನ್ನನ ಬಾಯಿಂದ ಬಂದ ಬೆಳ್ಳುಳ್ಳಿ ವಾಸನೆ ನಡುಮನೆ ತುಂಬಿತು.

"ಅಯ್ಯೋ ಎಬಡ! ಗಾಳಿ ತಂದ್ಯಲ್ಲೋ, ಎಂಜಲು ಗಾಳಿ! ಅವನ ಚಿನ್ನದ ಮೂತಿ ಬೇಡವೇ ಬೇಡ. ತಡಿ, ಬಲ್ಲೋರನ್ನ ಕೇಳಿ ಹೇಳ್ತೀನಿ."

ಬಲ್ಲೋರು ಅಂದರೆ ಪಕ್ಕದ ಮನೆ ಮೈಕಿನ ಗವಿಯಪ್ಪ. ನಲವತ್ತು ವರ್ಷ ಮದುವೆ ಮನೆಗೆಲ್ಲ ಮೈಕ್‌ಸೆಟ್ ಕಟ್ಟಿದೋನು. ಅವನು ನಕ್ಕುಬಿಟ್ಟ.

"ಹೊಂಬಾಳಕ್ಕ, ತಂತಿ ವಿಷಯದಲ್ಲಿ ವಿದ್ಯೆ ಇರೋದೇ ಇಷ್ಟು. ಅಪ್ಪಟ ತಾಮ್ರ ಇರಬೇಕು. ದಪ್ಪ ಇರಬೇಕು. ಎರಡು ಪೆಟ್ಟಿಗೆಗೂ ಒಂದೇ ಸಮ ಇರಬೇಕು. ಗಿಡ್ಡ ಇದ್ದಷ್ಟೂ ಒಳ್ಳೇದು. ಮಿಕ್ಕಿದ್ದೆಲ್ಲ ಬೂಸಿ."

ಹೊಂಬಾಳಮ್ಮ ಮಗನ ಕಿವಿ ಹಿಂಡಿ ಹೇಳಿದಳು: "ಕೇಳ್ದ್ಯೇನ್ಲಾ? ದಪ್ಪ ಇರಲಿ, ಸಮ ಇರಲಿ, ಗಿಡ್ಡ ಇದ್ದಷ್ಟೂ ಒಳ್ಳೇದು!"

"ಆಗ್ಲಿ ಕಣವ್ವ. ದಪ್ಪ, ಸಮ, ಗಿಡ್ಡ."

ಬುಧವಾರ ಹೋದ. ದಪ್ಪ, ಸಮ, ಗಿಡ್ಡ. ದಪ್ಪ, ಸಮ, ಗಿಡ್ಡ. ಗಾಜಿನಂಗಡೀಲಿ ಇದ್ದ ತಂತಿ ಯಾವುದೂ ಅವನ ಕಣ್ಣಿಗೆ ದಪ್ಪ ಅನ್ನಿಸಲಿಲ್ಲ. ಪಕ್ಕದ ಮೋಟಾರ್ ರಿಪೇರಿ ಅಂಗಡೀಗೆ ಹೋದ. ಅಲ್ಲಿ ಬೋರ್‌ವೆಲ್ಲಿಗೆ ಇಳಿಬಿಡೋ ಕೇಬಲ್ಲಿತ್ತು, ಪಡವಲಕಾಯಿ ಗಾತ್ರ.

"ಇದು ಕೊಡಿ. ಎರಡು ತುಂಡು. ಸಮ ಇರಬೇಕು."

"ಎಷ್ಟುದ್ದ?"

"ಗಿಡ್ಡ."

"ಎಷ್ಟು ಗಿಡ್ಡ?"

"ಗಿಡ್ಡ ಇದ್ದಷ್ಟೂ ಒಳ್ಳೇದು!"

ಅವನು ಒಂದು ಮಾರು ಹಿಡಿದ. "ಇನ್ನೂ ಗಿಡ್ಡ." ಒಂದು ಮೊಳ ಹಿಡಿದ. "ಇನ್ನೂ ಗಿಡ್ಡ." ಗೇಣು ಹಿಡಿದ. "ಇನ್ನೂ!" ಆ ಅಂಗಡಿಯೋರಿಗೂ ಸೋಮಾರಿ ಮಧ್ಯಾಹ್ನ, ಮೋಜು ಬೇಕಿತ್ತು. ನಗ್ತಾ ನಗ್ತಾ ಕೊಯ್ದುಕೊಟ್ಟರು.

ಮನೆಗೆ ಬಂದು ತಾಯಿ ಅಂಗೈ ಮೇಲೆ ಎರಡು ತುಂಡು ಇಟ್ಟ. ಹೆಬ್ಬೆಟ್ಟಿನುದ್ದ ಒಂದೊಂದು.

"ದಪ್ಪ ಅವೆ ಕಣವ್ವ. ಸಮ ಅವೆ. ಇದಕ್ಕಿಂತ ಗಿಡ್ಡ ಕೊಯ್ದರೆ ತನ್ನ ಬೆರಳೇ ಹೋಯ್ತದೆ ಅಂದ ಅವನು."

"ಅಯ್ಯೋ ಗೂಬೆ! ಗಿಡ್ಡ ಅಂದ್ರೆ ಇಲ್ಲಿಂದ ಅಲ್ಲಿಗೆ ಮುಟ್ಟಬೇಡ್ವೇನೋ? ಇದನ್ನ ನಿನ್ನ ಕಿವಿಗೆ ಓಲೆ ಮಾಡಿಸ್ಲಾ? ಅಳತೆ ತಗಂಡು ಹೋಗೋ, ಅಳತೆ! ಹೂ ಕಟ್ಟೋ ದಾರದ ಉಂಡೆ ತಗೋ, ಪೆಟ್ಟಿಗೆ ಕಾಲಿಗೆ ತುದಿ ಕಟ್ಟು, ಬಿಗಿಯಾಗಿ ಹಿಡಿ. ಅಂಗಡಿಯೋನಿಗೆ ತೋರಿಸೋವರೆಗೂ ದಾರ ಕೈ ಬಿಡಬೇಡ!"

"ಆಗ್ಲಿ ಕಣವ್ವ. ತೋರಿಸೋವರೆಗೂ ಕೈ ಬಿಡಕ್ಕಿಲ್ಲ."

ಗುರುವಾರ ಪೆಟ್ಟಿಗೆ ಕಾಲಿಗೆ ದಾರ ಕಟ್ಟಿದ. ಬಿಗಿಯಾಗಿ ಹಿಡಿದ. ಆಮೇಲೆ? ಆಮೇಲೆ ಉಂಡೆ ಬಿಡ್ತಾ ಬಿಡ್ತಾ ಹೊಸಲು ದಾಟಿದ! ಕೆಂಪಿ ಮನೆ ಮುಂದೆ ಹಾದ, ಕೊಳಾಯಿಗೆ ಒಂದು ಸುತ್ತು ಹಾಕಿದ, ಬಸ್‌ಸ್ಟ್ಯಾಂಡಿಗೆ ಹೋದ. ಅದೇ ಹೊತ್ತಿಗೆ ಗಂಡಿನ ಕಡೆಯೋರು ಆಟೋದಿಂದ ಇಳಿದರು, ಕೆಂಪಿ ಹಲ್ಲು ಗಿಂಜುತ್ತಾ "ಬನ್ನಿ ಬೀಗಿತ್ತಿ, ಬನ್ನಿ" ಅಂತ ಮುಂದೆ ಬಂದಳು. ಕಣಕಾಲಿಗೆ ದಾರ! ಕೆಂಪಿ ಬೀಗಿತ್ತಿ ಕಾಲಿಗೇ ಉದ್ದಂಡ ಬಿದ್ದಳು. ಬೀಗಿತ್ತಿ ತನಗೆ ನಮಸ್ಕಾರ ಮಾಡಿದಳು ಅಂತ ತಿಳಿದು "ಸಾಕು ಏಳಿ, ಸಾಕು ಏಳಿ" ಅಂತ ತಲೆ ಮುಟ್ಟಿದಳು.

"ಅತ್ಗೇ! ಆ ನಿಮ್ಮ ಮೊದ್ದ ಮಗನ್ನ ಕಟ್ಟಾಕ್ಕಳಿ!" ಅಂತ ಕೆಂಪಿ ಕಿರುಚಿದ್ದು ಬೀದಿ ತುದಿಗೂ ಕೇಳಿಸ್ತು.

ಹೊಂಬಾಳಮ್ಮ ಹೊರಗೆ ಬಂದು ನೋಡ್ತಾಳೆ, ದಾರ ಬೀದಿ ಹಿಡಿದು ಹೋಗ್ಯದೆ! ಮಂಡಿ ನೋವು ಮರೆತು, ದಾರ ಸುತ್ತುತ್ತಾ ಸುತ್ತುತ್ತಾ ಅದರ ಹಿಂದೇನೇ ಹೋದಳು. ಗಾಜಿನಂಗಡಿ ಮುಟ್ಟೋ ಹೊತ್ತಿಗೆ ಸಣ್ಣಪ್ಪ ದಾರದ ತುದಿ ತೋರಿಸಿ, "ಇಷ್ಟುದ್ದ ಕೊಡಿ. ಹಿಂಗೆರಡು" ಅಂತಿದ್ದ. ಪ್ರಸನ್ನ ಕಣ್ಣು ಅರಳಿಸಿಕೊಂಡು ಆ ಕೇರೆಹಾವಿನ ತಂತಿ ಸುರುಳಿ ಸುರುಳೀನೇ ಕೆಳಗಿಳಿಸ್ತಿದ್ದ. ನಾಚಿಕೆಯಾಗಬೇಡ್ವಾ? ಮನೇಲಿ ಅಕ್ಕ ತಂಗೀರು ಇರೋನೇ ತಾನೆ?

"ಇಡಪ್ಪ ಇಡು, ಅದನ್ನ ಮೇಲೇ ಇಡು!" ಅಂದಳು ಹೊಂಬಾಳಮ್ಮ. "ನಾನು ಪೆದ್ದನ ತಾಯಿ, ಪೆದ್ದಿ ಅಲ್ಲ. ಮಾಮೂಲಿ ತಾಮ್ರದ ತಂತಿ, ದಪ್ಪನೇದು, ಕೆಂಪು ಕಪ್ಪು ಜೋಡಿದು. ಹದಿನೈದಡಿ ಒಂದು ಪೆಟ್ಟಿಗೆಗೆ, ಹದಿನೈದಡಿ ಇನ್ನೊಂದು ಪೆಟ್ಟಿಗೆಗೆ. ನಿನ್ನ ಉಸಿರೂ ಬೇಡ, ನಿನ್ನ ಚಿನ್ನವೂ ಬೇಡ."

ಪ್ರಸನ್ನ ಬಾಯಿ ಮುಚ್ಚಿಕೊಂಡು ಅಳೆದುಕೊಟ್ಟ. ದಾರೀಲಿ ಬರ‍್ತಾ ಮಗನಿಗೆ ಉಗಿದಳು: "ದಾರ ಹಿಡಿದು ಊರು ಅಳೆದ್ಯಲ್ಲೋ ದಂಡಪಿಂಡ! ಇನ್ನು ಅಂಗಡಿ ಸಹವಾಸ ಸಾಕು. ನಾಳೆ ಮನೇಲೇ ಇರು. ನಾನು ಹೇಳಿದಷ್ಟು ಮಾಡು. ಹೆಚ್ಚಿಲ್ಲ, ಕಮ್ಮಿಯಿಲ್ಲ!"

"ಆಗ್ಲಿ ಕಣವ್ವ. ಹೆಚ್ಚಿಲ್ಲ, ಕಮ್ಮಿಯಿಲ್ಲ."

ಶುಕ್ರವಾರ ಬೆಳಗಾಯ್ತು. ಎದುರು ಮನೆ ಚಪ್ಪರದಲ್ಲಿ ಹಸೆ ಬರೆದಾಯ್ತು. ಗವಿಯಪ್ಪ ಬಂದು ಟೇಪಿನ ಧೂಳು ಒರೆಸಿ ಕ್ಯಾಸೆಟ್ ಹಾಕಿಟ್ಟ. ಸಣ್ಣಪ್ಪ ಮೂಗು ತೂರಿಸಿಕೊಂಡು ನೋಡ್ತಿದ್ದ.

"ಇದು ಹಾಡೋ ಗುಂಡಿ ಕಣಪ್ಪ. ಇದನ್ನೂ ಈ ಪಕ್ಕದ ಗುಂಡೀನೂ ಒಟ್ಟಿಗೆ ಅದುಮಿದರೆ ನಾವಾಡೋ ಮಾತನ್ನ ಹಿಡಿದಿಟ್ಟುಕೊಳ್ಳುತ್ತೆ. ನಿಮ್ಮಪ್ಪ ಹಂಗೇ ಹಿಡಿದಿಟ್ಟಿದ್ದು. ನೀನು ಅದರ ತಂಟೆಗೆ ಹೋಗಬೇಡ." ಆಮೇಲೆ ಹೊಂಬಾಳಮ್ಮನಿಗೆ ಹೇಳಿದ: "ಇಕ್ಕಳ ಮರೆತು ಬಂದೆ, ತತ್ತೀನಿ. ಅಷ್ಟರಲ್ಲಿ ತಂತಿ ಬಿಡಿಸಿ ಇಟ್ಟಿರಿ. ಪೆಟ್ಟಿಗೆ ಹಿಂದೆ ಒಂದು ಕೆಂಪು ಕಿಂಡಿ, ಒಂದು ಕಪ್ಪು ಕಿಂಡಿ ಅವೆ. ಕೆಂಪು ಕೆಂಪಿಗೆ ಹೋಗಬೇಕು, ಕಪ್ಪು ಕಪ್ಪಿಗೆ ಹೋಗಬೇಕು. ಅದಲು ಬದಲಾದರೆ ದನಿ ಸಪ್ಪೆ ಆಯ್ತದೆ."

ಹೊಂಬಾಳಮ್ಮನಿಗೆ ಆತುರ. ತಲೆಗೆ ನೀರು ಹಾಕ್ಕೋಬೇಕು. ಬಚ್ಚಲ ಬಾಗಿಲಲ್ಲಿ ನಿಂತು ಕೂಗಿದಳು:

"ಸಣ್ಣ! ಕೇಳ್ದ್ಯಾ? ಕೆಂಪು ಕೆಂಪಿಗೆ ಕೊಡು! ಕಪ್ಪು ಕಪ್ಪಿಗೆ ಹಾಕು! ತಪ್ಪಿದ್ರೆ ಸಿಗಿದುಬಿಡ್ತೀನಿ!"

"ಆಗ್ಲಿ ಕಣವ್ವ. ಕೆಂಪು ಕೆಂಪಿಗೆ. ಕಪ್ಪು ಕಪ್ಪಿಗೆ."

ಸಣ್ಣಪ್ಪ ಏನು ಮಾಡಿದ? ಹೇಳಿದ ಹಾಗೇ ಮಾಡಿದ. ಜೋಡಿ ತಂತೀನ ಉದ್ದಕ್ಕೆ ಸೀಳಿ ಕೆಂಪು ಬೇರೆ ಕಪ್ಪು ಬೇರೆ ಮಾಡಿದ. ಕೆಂಪನ್ನ ಹೆಗಲಿಗೆ ಹಾಕ್ಕೊಂಡು ಎದುರು ಮನೆಗೆ ಹೋದ.

"ಅತ್ತೆ, ತಗಳಿ."

"ಏನ್ಲಾ ಇದು?"

"ಕೆಂಪು. ಕೆಂಪಿಗೆ ಕೊಡು ಅಂದ್ಲು ಅವ್ವ."

ಮದುವೆ ಮನೆ ತುಂಬಾ ಬೀಗರು, ಅವರೆದುರಿಗೆ ಅಣ್ಣನ ಮಗನ ಬಾಯಲ್ಲಿ ಕೆಂಪಿ! ಅವಳು ಕೆಂಡವಾದಳು. ಆದರೂ ಬಿಟ್ಟಿ ಬಂದದ್ದು ಬಿಡೋಳಲ್ಲ. "ಕೊಡು ಇಲ್ಲಿ" ಅಂತ ಕಿತ್ತುಕೊಂಡು ಚಪ್ಪರದ ಬಾಳೆಕಂದು ಕಟ್ಟೋಕೆ ಹಾಕ್ಕೊಂಡಳು.

ಸಣ್ಣಪ್ಪ ವಾಪಸು ಬಂದ. ಕಪ್ಪು ಉಳಿದಿತ್ತು. ಕಪ್ಪು ಹುಡುಕಿದ. ಒಲೆ ಪಕ್ಕದಲ್ಲೇ ಇತ್ತು, ಅವ್ವನ ಟೀ ಕಪ್ಪು. ಟೀ ಕೂಡ ಇತ್ತು. ಕಪ್ಪು ತಂತೀನ ಸುತ್ತಿ ಸುತ್ತಿ ಅಮುಕಿ ಅಮುಕಿ ಒಳಗೆ ತುರುಕಿದ. ಹಿಡೀಲಿಲ್ಲ. ಎರಡನೇ ಕಪ್ಪು ತಂದ.

ಹೊಂಬಾಳಮ್ಮ ಒದ್ದೆ ತಲೆ ಕಟ್ಟಿಕೊಂಡು ಬಂದು ಟೀ ಎತ್ತಿದಳು. ಬಾಯಿಗೆ ತಂತಿ ಬಂತು.

"ಇದೇನೋ ಇದು!"

"ಕಪ್ಪು ಕಣವ್ವ. ಕಪ್ಪಿಗೆ ಹಾಕಿವ್ನಿ."

"ಕೆಂಪೆಲ್ಲೋ?"

"ಕೆಂಪಿಗೆ ಕೊಟ್ಟೆ. ತಗಂಡ್ಲು."

ಹೊಂಬಾಳಮ್ಮ ಕಂಬ ಹಿಡಿದುಕೊಂಡಳು. ಇನ್ನು ಅರ್ಧ ಗಂಟೇಲಿ ಅರಿಶಿನ. ತಂತಿ ಹೋಗಿ ಕೂತಿರೋದು ಎಲ್ಲಿ? ಆ ಕೆಂಪಿ ಮನೇಲೇ! ಮೂರು ವರ್ಷದಿಂದ ನುಂಗಿಕೊಂಡಿದ್ದೆಲ್ಲ ಒಟ್ಟಿಗೆ ಗಂಟಲಿಗೆ ಬಂತು.

"ಲೋ! ಬಾ ಇಲ್ಲಿ. ಇನ್ನಾದರೂ ನಾನು ಆಡೋ ಮಾತನ್ನ ಒಂದಕ್ಷರ ಬಿಡದಂಗೆ ಹಿಡಿದಿಟ್ಕೋ! ಹಿಡಿದಿಟ್ಕೋತೀಯೇನೋ?"

"ಹಿಡಿದಿಟ್ಕೋತೀನಿ ಕಣವ್ವ. ಒಸಿ ತಡಿ." ಟೇಪಿನ ಹತ್ತಿರ ಹೋಗಿ ಎರಡು ಗುಂಡಿ ಒಟ್ಟಿಗೆ ಅದುಮಿದ. ಟಕ್! "ಹೂಂ, ಈಗ ಅನ್ನು."

ಅಂದಳು. ಬಯ್ಯೋ ಹೊತ್ತಲ್ಲಿ ಟಕ್ ಅಂದದ್ದು ಯಾರಿಗೆ ಕೇಳುತ್ತೆ? ಮಗನಿಗೆ ನಾಲ್ಕು, ಕೆಂಪಿಗೆ ನಲವತ್ತು. ಏನೇನಂದಳು ಅಂತ ನಿಮಗೂ ತಿಳಿಯುತ್ತೆ, ಆತುರ ಬೇಡ. ಸುಸ್ತಾಗಿ ನಿಲ್ಲಿಸಿದಳು.

"ಮುಗೀತಾ ಅವ್ವ?"

"ಮುಗೀತು ಹೋಗು!"

ಟಕ್.

ಗವಿಯಪ್ಪ ಇಕ್ಕಳ ಹಿಡಿದು ಬಂದ, ಸಂಗತಿ ಕೇಳಿ ಎದುರು ಮನೆಗೆ ಓಡಿದ. "ಕೆಂಪಮ್ಮ, ಅದು ಕರೆಂಟಿನ ತಂತಿ, ಚಪ್ಪರಕ್ಕೆ ಕಟ್ಟಿದ್ದೀಯಲ್ಲ, ಬೀಗರಿಗೆ ಹೊಡೆದೀತು!" ಅಂದ. ಅವಳು ಕೈ ಸುಟ್ಟವಳಂತೆ ಬಿಚ್ಚಿ ಎಸೆದಳು. ಕಪ್ಪು ತಂತಿ ಟೀ ಒರೆಸಿ, ಎಲ್ಲ ತಾನೇ ಜೋಡಿಸಿದ. ಕ್ಯಾಸೆಟ್ಟು ಒಂಚೂರು ಮುಂದೆ ಓಡಿದ್ದು ಕಂಡು, ಹಿಂದಕ್ಕೆ ಸುತ್ತಿ ಮೊದಲಿಗೆ ತಂದಿಟ್ಟ.

ಹೊಂಬಾಳಮ್ಮ ರೇಷ್ಮೆ ಸೀರೆ ಉಟ್ಟಳು. ಮಗನ ಗಲ್ಲ ಹಿಡಿದಳು. ಈ ಸಲ ಬೈಲಿಲ್ಲ.

"ಮಗ, ಇದೊಂದು ಸರಿಯಾಗಿ ಮಾಡಪ್ಪ. ನಾನು ಅಲ್ಲಿ ಅರಿಶಿನದ ಬಟ್ಟಲು ಮುಟ್ಟಿದ ತಕ್ಷಣ ಹಾಡೋ ಗುಂಡಿ ಒತ್ತು. ಜೋರಾಗಿ ಇಡು. ಯಾರು ಏನಂದ್ರೂ ನಿಲ್ಲಿಸಬೇಡ."

"ಆಗ್ಲಿ ಕಣವ್ವ. ಯಾರು ಏನಂದ್ರೂ ನಿಲ್ಸಕ್ಕಿಲ್ಲ."

ತನುಜ ಹಸೆಮಣೆ ಮೇಲೆ ಕೂತಿದ್ದಳು. ಸುತ್ತ ಹೆಂಗಸರು, ನಡುವೆ ಬೀಗಿತ್ತಿ, ಹೊಸ ಸೀರೆ ಉಟ್ಟು ಮೆರೀತಿದ್ದಳು. ಫೋನು ಹಿತ್ತಾಳೆ ಚೊಂಬಿನೊಳಗೆ ಕೂತು ಕೀಂಯ್ ಕೀಂಯ್ ಅಂತಿತ್ತು. ಹೊಂಬಾಳಮ್ಮ ಮೂಲೇಲಿ ಕೂರಲಿಲ್ಲ. ನೆಟ್ಟಗೆ ಹೋಗಿ ಮದುವಣಗಿತ್ತಿ ಎದುರಿಗೆ ಕೂತು, ಬಟ್ಟಲಿಗೆ ಕೈ ಹಾಕಿದಳು.

ಎದುರಿಗೆ ಅವಳ ಮನೆ ಕಿಟಕೀಲಿ ಎರಡು ಪೆಟ್ಟಿಗೆ ಗರ‍್ರ್ ಅಂದವು. ನಮಗೆಲ್ಲ ತಿಳೀತು, ಹೊಂಬಾಳಮ್ಮನ ಹಾಡು ಬರ‍್ತದೆ ಅಂತ. ಹಳೇ ಅಭ್ಯಾಸ, ಕಣ್ಣು ಮುಚ್ಚಿ ಸೊಲ್ಲಿಗೆ ಕಾದು ಕೂತೆವು. ಬಂತು. ಒಡಕಲು ದನಿ, ಬೀದಿ ನಡುಗೋ ಹಾಗೆ:

"ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಒನಕೇ…!"

"ಸೋಬಾನವೇ…" ಅಂದೆವು ನಾವು.

"ಕೆಂಪಿಗೆ ಕೊಟ್ಯೇನೋ! ಹೋಗಿ ಹೋಗಿ ಕೆಂಪಿಗೆ ಕೊಟ್ಯೇನೋ!"

"ಸೋಬಾನವೇ…"

"ಅವಳ ತಲೆ ಹೇನು ಹೆಕ್ಕಿ ಸಾಕಿದೋಳು ನಾನು ಕಣ್ಲಾ!"

"ಸೋಬಾನವೇ…" ಕೆಲವರು ಕಣ್ಣು ಬಿಟ್ಟರು. ಬಾಯಿ ಮಾತ್ರ ತಾನೇ ತಾನಾಗಿ ಹಾಡ್ತಿತ್ತು, ಏನು ಮಾಡೋದು!

"ನಲವತ್ತೆಂಟಂತೆ ಅವಳಿಗೆ! ಬೀಗರಿಗೆ ಹೇಳವ್ಳೆ! ನನಗಿಂತ ಐದೇ ವರ್ಷಕ್ಕೆ ಚಿಕ್ಕೋಳು, ಅರವತ್ತು ತುಂಬೈತೆ!"

"ಸೋಬಾ…ನವೇ…"

"ಗಂಡು ನೋಡಕ್ಕೆ ಬಂದಾಗ ಹಿತ್ತಲ ಬಾಗಿಲಿಂದ ಓಡೋಗಿದ್ಲು! ಬಾಳೆತೋಟದಿಂದ ಎಳಕೊಂಡು ಬಂದೋನು ನಿಮ್ಮಪ್ಪ!"

ಈಗ ಸೊಲ್ಲು ಹಿಡಿದಿದ್ದು ನಾವು ಮೂವರೇ. ಕಿವುಡಿಯರಿಬ್ಬರು, ಮತ್ತೆ ನಾನು.

"ಬೀಗಿತ್ತಿಗೆ ಕೊಟ್ಟ ಸೀರೆ ನೋಡ್ದ್ಯೇನ್ಲಾ? ಕೆಂಪಿ ಅತ್ತೆ ಉಟ್ಟು ಬಿಟ್ಟ ಸೀರೆ! ಇಸ್ತ್ರಿ ಮಾಡಿಸಿ ಹೊಸದು ಅಂತ ಕೊಟ್ಟವ್ಳೆ!"

ಬೀಗಿತ್ತಿ ಸೆರಗು ಎತ್ತಿ ಅಂಚು ನೋಡಿಕೊಂಡಳು. ಮೂಸಿ ನೋಡಿಕೊಂಡಳು. ಕೆಂಪಿ ಮುಖ ಹೆಸರಿಗೆ ತಕ್ಕ ಬಣ್ಣ ಆಯ್ತು. ಹೊಂಬಾಳಮ್ಮ ಬಟ್ಟಲಲ್ಲಿ ಕೈಯಿಟ್ಟ ಹಾಗೇ ಕಲ್ಲಾಗಿದ್ದಳು. ತನ್ನ ಹಾಡು ಎಲ್ಲಿ? ಇರೋ ಒಂದು ಕ್ಯಾಸೆಟ್ಟು, ಅದನ್ನೂ ಅಳಿಸಿಬಿಟ್ಟನಾ ಮುಠ್ಠಾಳ?

"ಲೋ ಸಣ್ಣಾ…!" ಕೆಂಪಿ ಬೀದಿಗೆ ಬಂದು ಅರಚಿದಳು. "ನಿಮ್ಮವ್ವನ ಬಾಯಿ ಮುಚ್ಸೋ! ಮೊದಲು ನಿಮ್ಮವ್ವನ ಬಾಯಿ ಮುಚ್ಸೋ!"

ಸಣ್ಣಪ್ಪ ಕಿಟಕೀಲಿ ಯೋಚನೆ ಮಾಡಿದ. ಟೇಪು ನಿಲ್ಲಿಸಬೇಡ ಅಂದವ್ಳೆ ಅವ್ವ. ಬಾಯಿ ಮುಚ್ಚಿಸು ಅಂತವ್ಳೆ ಅತ್ತೆ. ಎರಡೂ ಮಾಡಬಹುದು! ಕಿಟಕಿ ಹಾರಿದ, ಬೀದಿ ದಾಟಿದ, ಹೆಂಗಸರ ನಡುವೆ ನುಗ್ಗಿ ಬಂದು ತನ್ನ ಅಗಲ ಅಂಗೈಲಿ ಹೊಂಬಾಳಮ್ಮನ ಬಾಯಿ ಗಪ್ಪಂತ ಮುಚ್ಚಿದ.

ಮುಚ್ಚಿದ್ದಕ್ಕೂ ಪೆಟ್ಟಿಗೇಲಿ ಬೈಗುಳ ಮುಗಿದು ಟಕ್ ಅಂದಿದ್ದಕ್ಕೂ ಸರಿಹೋಯ್ತು. ಅವಳು ಬೈದಷ್ಟು ಹೊತ್ತಿನ ಹಾಡು ಅಳಿಸಿಹೋಗಿತ್ತು. ಅದರಾಚೆಯದು ಹಾಗೇ ಇತ್ತು. ಒಂದು ಗಳಿಗೆ ಸುಮ್ಮನಿದ್ದು, ಆ ಎರಡು ಪೆಟ್ಟಿಗೆಯಿಂದ ಅವಳ ಪ್ರಾಯದ ದನಿ ಎದ್ದು ಬಂತು, ಜೇನು ಸುರಿದ ಹಾಗೆ:

"ಎಳೆಬಾಳೆ ಸುಳಿಯಂಥ ನಮ್ಮನೆ ಮಗಳೀಗೆ
ಹಳದಿಯ ಹಚ್ಚೋರು ಬನ್ನೀರೇ…"

"ಸೋಬಾನವೇ…" ಅಂತ ಬೀದಿಗೆ ಬೀದೀನೇ ದನಿಗೂಡಿಸ್ತು. ತನುಜ ಅತ್ತುಬಿಟ್ಟಳು. ಆ ಕೆಂಪಿ ತುಟೀನೂ ಅಲ್ಲಾಡಿದ್ದನ್ನ ನಾನು ಕಣ್ಣಾರೆ ಕಂಡೆ. ಇಲ್ಲ ಅಂತ ಈಗ ಆಣೆ ಮಾಡ್ತಾಳೆ, ಮಾಡ್ಲಿ ಬಿಡಿ.

ಹೊಂಬಾಳಮ್ಮ ಮಾತ್ರ ಮಗನ ಕೈ ಕೆಳಗೆ "ಊಂ! ಊಂ!" ಅಂತ ಒದ್ದಾಡ್ತಿದ್ದಳು. ಸಣ್ಣಪ್ಪ ಹಿಗ್ಗಿ ಹೀರೇಕಾಯಾಗಿದ್ದ.

"ನೋಡ್ದ್ಯಾ ಅವ್ವ! ಬಾಯಿ ಮುಚ್ಚಿದ್ರೆ ನೀನು ಎಷ್ಟು ಚೆನ್ನಾಗಿ ಹಾಡ್ತೀಯ!"

"ಲೋ, ಕೈ ತೆಗಿಯೋ, ಉಸಿರು ಕಟ್ಟೀತು!" ಅಂತ ಗವಿಯಪ್ಪ ಓಡಿ ಬಂದ.

"ಮೂಗು ಬಿಟ್ಟಿವ್ನಿ. ಕೈ ತೆಗಿಯಕ್ಕಿಲ್ಲ," ಅಂದ ಸಣ್ಣಪ್ಪ. "ತೆಗೆದ್ರೆ ಮತ್ತೆ ಬೈಗುಳ ಶುರುವಾಯ್ತದೆ."

ಕ್ಯಾಸೆಟ್ಟು ಪೂರ್ತಿ ಮುಗಿಯೋವರೆಗೂ ತೆಗೀಲಿಲ್ಲ.